ಅನುಕ್ರಮವೂ ಅಂತರಂಗವೂ

ಸಂಗ್ರಹಿಸುವುದು ಒಂದು ಕೆಲಸ, ಸಂಗ್ರಹಿಸಿದ್ದನ್ನು ಸಾಲಿಗೆ ತರುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಶ್ರಮ ಸಾಕು. ಎರಡನೆಯದಕ್ಕೆ ವಿವೇಕವೂ ಬೇಕು. ಅಡುಗೆಮನೆಯ ಮಾಡದಲ್ಲಿ ಡಬ್ಬಿಗಳನ್ನು ಎತ್ತರಕ್ಕೆ ತಕ್ಕಂತೆ ಜೋಡಿಸಿದರೆ ನೋಡುವವರ ಕಣ್ಣಿಗೆ ಅಂದವಾಗಿ ಕಾಣುತ್ತದೆ. ದಿನವೂ ಬೇಕಾಗುವ ಉಪ್ಪು, ಸಾಸಿವೆ, ಅರಿಸಿನಗಳನ್ನು ಕೈಗೆಟುಕುವಲ್ಲಿಟ್ಟು, ಹಬ್ಬಕ್ಕೊಮ್ಮೆ ಬೇಕಾಗುವ ಗಸಗಸೆ, ಜಾಜಿಕಾಯಿಗಳನ್ನು ಮೇಲಿಟ್ಟರೆ ಮನೆಯ ಕೆಲಸ ಸುಗಮವಾಗುತ್ತದೆ. ಎರಡೂ ಅನುಕ್ರಮಗಳೇ. ಆದರೆ ಒಂದು ಡಬ್ಬಿಯ ಹೊರಮೈಯನ್ನು ನೋಡಿ ಮಾಡಿದ್ದು, ಮತ್ತೊಂದು ಡಬ್ಬಿಯ ಒಳಗೇನಿದೆ ಎಂಬುದನ್ನು ಅರಿತು ಮಾಡಿದ್ದು. ಈ ಸಣ್ಣ ವ್ಯತ್ಯಾಸವು ಗಣಕಯಂತ್ರದ ಯುಗದಲ್ಲಿ ಎಷ್ಟು ದೊಡ್ಡದಾಗಿ ಬೆಳೆದಿದೆ, ಅದು ನಮ್ಮ ಮಕ್ಕಳ ವಿದ್ಯಾಭ್ಯಾಸದವರೆಗೆ ಹೇಗೆ ಬಂದು ಮುಟ್ಟಿದೆ ಎಂಬುದನ್ನು ಓದುಗ ಬಂಧುಗಳೊಂದಿಗೆ ಹಂಚಿಕೊಳ್ಳಬೇಕೆಂಬುದು ಈ ಬರಹದ ಉದ್ದೇಶ.

ಸಹಕಾರಿ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದ ನನಗೆ ಈ ವಿಷಯ ಪೂರ್ಣ ಹೊಸದೇನಲ್ಲ. ನಮ್ಮ ಅಂಗಡಿ-ಮುಂಗಟ್ಟುಗಳಲ್ಲಿ ಹಿಂದಿನಿಂದಲೂ ಎರಡು ಪುಸ್ತಕಗಳಿದ್ದವು. ಕಿರ್ದಿಯಲ್ಲಿ ಆಯಾ ದಿನದ ಕೊಡು-ಕೊಳ್ಳುವಿಕೆ ನಡೆದ ಕ್ರಮದಲ್ಲಿಯೇ ದಾಖಲಾಗುತ್ತಿತ್ತು. ಖತಾವಣಿಯಲ್ಲಿ ಅದೇ ವ್ಯವಹಾರ ಆಸಾಮಿವಾರು ಬಿಡಿಬಿಡಿಯಾಗಿ ಏರುತ್ತಿತ್ತು. ವರ್ಷದ ಕೊನೆಗೆ ಮೂರನೆಯದೊಂದು ಪಟ್ಟಿ ಸಿದ್ಧವಾಗುತ್ತಿತ್ತು. ಹೆಚ್ಚು ಬಾಕಿ ಇದ್ದವರು ಮೇಲೆ, ಕಡಿಮೆ ಇದ್ದವರು ಕೆಳಗೆ. ವ್ಯವಹಾರ ಒಂದೇ, ಹಣ ಒಂದೇ, ಜನರೂ ಅವರೇ. ಕಿರ್ದಿಯಲ್ಲಿ ದಿನಾಂಕವನ್ನು, ಖತಾವಣಿಯಲ್ಲಿ ಹೆಸರನ್ನು, ಬಾಕಿದಾರರ ಪಟ್ಟಿಯಲ್ಲಿ ಮೊತ್ತವನ್ನು ಹಿಡಿದು ಸಾಲು ಕಟ್ಟಲಾಗಿದೆ, ಅಷ್ಟೇ. ಯಾವುದನ್ನು ಹಿಡಿದು ಸಾಲು ಕಟ್ಟಬೇಕು ಎಂಬುದನ್ನು ಅಂದು ಗುಮಾಸ್ತ ನಿರ್ಧರಿಸುತ್ತಿದ್ದನು. ಇಂದು ಕಟ್ಟುವ ಕೆಲಸವನ್ನು ಯಂತ್ರ ಮಾಡುತ್ತದೆ; ನಿರ್ಧಾರ ಮಾತ್ರ ಮನುಷ್ಯನದಾಗಿಯೇ ಉಳಿದಿದೆ. ಎಷ್ಟೋ ಸಲ ನಾವು ಆ ನಿರ್ಧಾರವನ್ನು ಮಾಡುವುದನ್ನೇ ಮರೆತುಬಿಡುತ್ತೇವೆ.

ಯಂತ್ರಕ್ಕೆ ಆಜ್ಞೆ ಕೊಡುವ ಭಾಷೆಗಳು ನೂರಾರು. ಅವುಗಳಲ್ಲಿ ಸ್ಕ್ರಿಪ್ಟಿಂಗ್ ಭಾಷೆಗಳೆಂಬ ಒಂದು ಬಗೆಯುಂಟು. ನಾಲ್ಕಾರು ಸಾಲು ಬರೆದು, ಬೇರೆ ಸಿದ್ಧತೆಯಿಲ್ಲದೆ ಕೂಡಲೇ ನಡೆಸಿ ಫಲ ಪಡೆಯಬಹುದಾದುದರಿಂದ ಕಚೇರಿಯ ಪಟ್ಟಿ, ಪತ್ರ, ಲೆಕ್ಕಗಳ ಕೆಲಸಕ್ಕೆ ಇವು ಬಹಳ ಅನುಕೂಲ. 1987ರಲ್ಲಿ ಅಮೆರಿಕದ ಲ್ಯಾರಿ ವಾಲ್ ಅವರು ಪರ್ಲ್ ಎಂಬ ಭಾಷೆಯನ್ನು ಹೊರತಂದರು. ಅವರು ಭಾಷಾಶಾಸ್ತ್ರವನ್ನು ಅಭ್ಯಸಿಸಿದವರು ಎಂಬುದು ಗಮನಾರ್ಹ. 1991ರಲ್ಲಿ ನೆದರ್ಲೆಂಡ್ಸ್ ದೇಶದ ಗೀಡೋ ವಾನ್ ರಾಸಮ್ ಅವರ ಪೈಥಾನ್ ಭಾಷೆ ಬೆಳಕು ಕಂಡಿತು. ಇಂದು ಶಾಲೆಯ ಮಕ್ಕಳೂ ಕಲಿಯುತ್ತಿರುವುದು ಈ ಪೈಥಾನನ್ನೇ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮೊಮ್ಮಗಳಿಂದ ನಾನು ಕಲಿತದ್ದೂ ಇದನ್ನೇ.

ಈ ಭಾಷೆಗಳಲ್ಲಿ ಮಾಹಿತಿಯನ್ನು ಒಂದರೊಳಗೊಂದಾಗಿ ಅಡಕಮಾಡಿ ಇಡಬಹುದು. ಸಂದೂಕದೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕರಡಿಗೆ, ಕರಡಿಗೆಯೊಳಗೆ ಒಡವೆ ಇದ್ದ ಹಾಗೆ. ವಿದ್ಯಾರ್ಥಿಗಳ ದೊಡ್ಡ ಸಂದೂಕವೊಂದನ್ನು ಕಲ್ಪಿಸಿಕೊಳ್ಳಿರಿ. ಅದರೊಳಗೆ ಪ್ರತಿ ವಿದ್ಯಾರ್ಥಿಯ ಹೆಸರು ಬರೆದ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಊರು, ತರಗತಿ, ಅಂಕಗಳ ಚೀಟಿಗಳ ಜೊತೆಗೆ ‘ಕುಟುಂಬ’ ಎಂಬ ಕರಡಿಗೆ. ಆ ಕರಡಿಗೆಯೊಳಗೆ ಮನೆಯ ವಾರ್ಷಿಕ ಆದಾಯ ಮತ್ತು ಮನೆಯಲ್ಲಿರುವ ಜನರ ಸಂಖ್ಯೆ. ಹೆಸರು ಹೇಳಿದರೆ ಅದಕ್ಕೆ ಸಂಬಂಧಿಸಿದ ವಿವರವನ್ನು ಕೊಡುವ ಇಂತಹ ಪೆಟ್ಟಿಗೆಯನ್ನು ಪರ್ಲ್ ಭಾಷೆಯಲ್ಲಿ ಹ್ಯಾಶ್ ಎನ್ನುತ್ತಾರೆ, ಪೈಥಾನ್ ಭಾಷೆಯಲ್ಲಿ ಡಿಕ್ಷನರಿ ಎನ್ನುತ್ತಾರೆ. ಪದ ಹೇಳಿದರೆ ಅರ್ಥ ಕೊಡುವ ನಿಘಂಟಿನಂತೆಯೇ ಇದರ ಕೆಲಸವಾದ್ದರಿಂದ ಆ ಹೆಸರು ಒಪ್ಪುತ್ತದೆ. ಪರ್ಲ್ ಭಾಷೆಯಲ್ಲಿ ಹೀಗೆ ಒಂದರೊಳಗೊಂದನ್ನು ಇಡುವ ಅನುಕೂಲ ಸಹಜವಾಗಿ ಒದಗಿದ್ದು 1994ರಲ್ಲಿ ಬಂದ ಅದರ ಐದನೆಯ ಆವೃತ್ತಿಯಿಂದ.

ಈಗ ಪ್ರಶ್ನೆ ಬರುವುದು ಸಾಲಿಗೆ ತರುವಾಗ. ಈ ಸಂದೂಕವನ್ನು ಅನುಕ್ರಮಗೊಳಿಸು ಎಂದಷ್ಟೇ ಹೇಳಿದರೆ ಪೈಥಾನ್ ಪೆಟ್ಟಿಗೆಗಳ ಮೇಲಿನ ಹೆಸರುಗಳನ್ನು ಮಾತ್ರ ಅಕ್ಷರಕ್ರಮದಲ್ಲಿ ಜೋಡಿಸಿ ಕೊಡುತ್ತದೆ, ಒಳಗೆ ಇಣುಕುವುದಿಲ್ಲ. ಹೆಸರಿಲ್ಲದ ಪೆಟ್ಟಿಗೆಗಳ ಸಾಲನ್ನೇ ಕೊಟ್ಟರೆ, ಇವುಗಳಲ್ಲಿ ಯಾವುದು ಚಿಕ್ಕದು ಯಾವುದು ದೊಡ್ಡದು ಎಂದು ತನಗೆ ತಿಳಿಯದೆಂದು ಹೇಳಿ ಕೆಲಸ ನಿಲ್ಲಿಸುತ್ತದೆ. ಪರ್ಲ್ ಹೀಗೆ ನಿಲ್ಲುವುದಿಲ್ಲ. ಅದು ಪ್ರತಿಯೊಂದು ಪೆಟ್ಟಿಗೆಯೂ ಯಂತ್ರದ ಸ್ಮೃತಿಯಲ್ಲಿ ಯಾವ ಜಾಗದಲ್ಲಿ ಕುಳಿತಿದೆಯೋ ಆ ಜಾಗದ ವಿಳಾಸವನ್ನೇ ಅಕ್ಷರಗಳಂತೆ ಹೋಲಿಸಿ, ಒಂದು ಸಾಲನ್ನು ತಯಾರಿಸಿ ಕೊಟ್ಟುಬಿಡುತ್ತದೆ. ನೋಡುವವರಿಗೆ ಅದು ಅನುಕ್ರಮಗೊಂಡ ಪಟ್ಟಿಯಂತೆಯೇ ತೋರುತ್ತದೆ. ಆದರೆ ಅದರಲ್ಲಿರುವ ಕ್ರಮಕ್ಕೆ ಯಾವ ಅರ್ಥವೂ ಇಲ್ಲ. ಯಾರು ಎಲ್ಲಿ ಕುಳಿತಿದ್ದರೋ ಅದೇ ಅವರ ಯೋಗ್ಯತೆ ಎಂದಂತಾಯಿತು.

ಆದ್ದರಿಂದ ಯಂತ್ರಕ್ಕೆ ಒಂದು ಕೀಲಿಕೈ ಕೊಡಬೇಕು. ಪ್ರತಿ ಪೆಟ್ಟಿಗೆಯನ್ನು ತೆರೆ, ಅದರೊಳಗಿನ ಕುಟುಂಬದ ಕರಡಿಗೆಯನ್ನು ತೆರೆ, ಅಲ್ಲಿರುವ ಆದಾಯವನ್ನು ನೋಡು, ಅದನ್ನು ಹಿಡಿದು ಸಾಲು ಕಟ್ಟು ಎಂದು ಬಿಡಿಸಿ ಹೇಳಬೇಕು. ಪೈಥಾನ್ ಭಾಷೆಯಲ್ಲಿ ಈ ಸೂಚನೆಯ ಹೆಸರೇ ‘ಕೀ’. ಕೀಲಿಕೈ ತಿರುಗಿಸಿದ ಮಾತ್ರಕ್ಕೆ ಒಳಗಿನ ಒಡವೆ ಬದಲಾಗುವುದಿಲ್ಲ, ಪೆಟ್ಟಿಗೆಯೂ ಬದಲಾಗುವುದಿಲ್ಲ. ಪೆಟ್ಟಿಗೆಗಳು ನಿಲ್ಲುವ ಕ್ರಮವೊಂದೇ ಬದಲಾಗುತ್ತದೆ.

ಇಷ್ಟನ್ನು ತಿಳಿಯುವ ಪ್ರಸಂಗ ನನಗೆ ಒದಗಿದ್ದು ಹೀಗೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ವಿದ್ಯಾರ್ಥಿ ಸಹಾಯ ನಿಧಿಯೊಂದರ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಆ ವರ್ಷ 64 ಅರ್ಜಿಗಳು ಬಂದಿದ್ದವು. ನಿಧಿಯಲ್ಲಿದ್ದ ಹಣ 25 ಮಕ್ಕಳ ಊಟ, ವಸತಿ, ಪುಸ್ತಕಗಳಿಗೆ ಮಾತ್ರ ಸಾಕಾಗುವಷ್ಟು. ಕಡಿಮೆ ಆದಾಯದವರಿಗೆ ಮೊದಲ ಆದ್ಯತೆ ಎಂದು ಸಮಿತಿ ಠರಾವು ಮಾಡಿತ್ತು. ಅರ್ಜಿಗಳ ವಿವರವನ್ನು ಯಂತ್ರಕ್ಕೆ ಏರಿಸಿ ಪಟ್ಟಿ ತಯಾರಿಸುವ ಕೆಲಸವನ್ನು ಪೇಟೆಯ ಗಣಕಯಂತ್ರ ಕೇಂದ್ರವೊಂದಕ್ಕೆ ವಹಿಸಲಾಗಿತ್ತು. ಅಚ್ಚುಕಟ್ಟಾದ ಪಟ್ಟಿ ಬಂದಿತು. ಅದರಲ್ಲಿ ಅನುಕ್ರಮ ಸಂಖ್ಯೆ, ಹೆಸರು, ಊರು ಇಷ್ಟೇ ಇದ್ದವು. ಆದಾಯದ ಅಂಕಿಗಳು ಯಂತ್ರದೊಳಗೇ ಉಳಿದಿದ್ದವು. ಮೊದಲ 25 ಹೆಸರುಗಳ ಕೆಳಗೆ ಗೆರೆ ಎಳೆದು ರುಜು ಹಾಕುವುದೊಂದೇ ಬಾಕಿ.

ಆಗ ಸಮಿತಿಯ ಹಿರಿಯ ಸದಸ್ಯೆಯೊಬ್ಬರು ಪಟ್ಟಿಯ ಕೊನೆಯ ಹಾಳೆಯನ್ನು ಕೈಯಲ್ಲಿ ಹಿಡಿದು, “ಈ ಹುಡುಗ ಅರವತ್ತನಾಲ್ಕನೆಯವನು ಹೇಗಾದ? ಇವನ ಮನೆಗೆ ನಾನು ಹೋಗಿ ಬಂದಿದ್ದೇನೆ. ತಾಯಿ-ಮಗ ಇಬ್ಬರೇ. ತಿಂಗಳಿಗೆ 800 ರೂಪಾಯಿ ವಿಧವಾ ವೇತನ ಬಿಟ್ಟರೆ ಆ ತಾಯಿಯ ಕೈಯಲ್ಲಿ ಬೇರೇನೂ ಇಲ್ಲ” ಎಂದರು. ಕೇಂದ್ರದವರನ್ನು ಕೇಳಿಸಿದಾಗ, “ಯಂತ್ರ ಮಾಡಿದ ಪಟ್ಟಿ, ತಪ್ಪಾಗಲು ಸಾಧ್ಯವೇ ಇಲ್ಲ” ಎಂಬ ಉತ್ತರ ಬಂದಿತು. ಸಭೆಯಲ್ಲಿ ಕೆಲವರು ಅದನ್ನೇ ನಂಬಿದರು. ಆ ತಾಯಿ ಮಾತ್ರ ಪಟ್ಟು ಬಿಡಲಿಲ್ಲ. ರುಜು ಹಾಕುವುದನ್ನು ಎರಡು ದಿನ ಮುಂದೂಡಿ, ಅರ್ಜಿಗಳ ಮಾಹಿತಿ ತುಂಬಿದ್ದ ಕಡತವನ್ನು ತರಿಸಿ ಮೊಮ್ಮಗಳಿಗೆ ಒಪ್ಪಿಸಿದೆವು.

ಅವಳು ಕಡತವನ್ನು ತೆರೆದು ನೋಡಿದವಳೇ ನಕ್ಕಳು. “ಅಜ್ಜಾ, ಇಲ್ಲಿ ಆದಾಯವನ್ನು ಸಂಖ್ಯೆಯೆಂದು ಇಟ್ಟಿಲ್ಲ, ಅಕ್ಷರಗಳೆಂದು ಇಟ್ಟಿದ್ದಾರೆ. ನಿಘಂಟಿನಲ್ಲಿ ಪದಗಳನ್ನು ಜೋಡಿಸಿದ ಹಾಗೆ ಯಂತ್ರ ರೂಪಾಯಿಯನ್ನು ಜೋಡಿಸಿದೆ” ಎಂದಳು.

“ಹಾಗೆಂದರೇನವ್ವಾ?” ಎಂದೆ. ಅವಳು ಹಾಳೆಯ ಮೇಲೆ ಬರೆದು ತೋರಿಸಿದಳು. ನಿಘಂಟಿನಲ್ಲಿ ಪದದ ಮೊದಲ ಅಕ್ಷರವನ್ನು ಮೊದಲು ಹೋಲಿಸುತ್ತೇವೆ. ಅಲ್ಲಿ ವ್ಯತ್ಯಾಸ ಕಂಡರೆ ಮುಂದಿನ ಅಕ್ಷರಗಳ ಗೊಡವೆಗೆ ಹೋಗುವುದಿಲ್ಲ, ಪದ ಎಷ್ಟು ಉದ್ದ ಎಂಬುದನ್ನೂ ಎಣಿಸುವುದಿಲ್ಲ. ಅದೇ ನಿಯಮದಂತೆ 108000, 115000, 14400, 24000, 36000, 9600 ಎಂಬುದು ಯಂತ್ರದ ದೃಷ್ಟಿಯಲ್ಲಿ ಸರಿಯಾದ ಏರಿಕೆಯ ಕ್ರಮ. ಲಕ್ಷಕ್ಕೂ ಮೀರಿದ ಆದಾಯ ಒಂದರಿಂದ ಆರಂಭವಾಗುವುದರಿಂದ ಮೇಲೆ ಬಂದಿತು. ವರ್ಷಕ್ಕೆ 9600 ರೂಪಾಯಿಯ ಮನೆ ಒಂಬತ್ತರಿಂದ ಆರಂಭವಾಗುವುದರಿಂದ ಎಲ್ಲರಿಗಿಂತ ಕೆಳಗೆ ಹೋಯಿತು. ಯಂತ್ರ ಹೇಳಿದ್ದನ್ನು ಹೇಳಿದಂತೆಯೇ ಮಾಡಿತ್ತು. ಪಟ್ಟಿಯಲ್ಲಿದ್ದ ಅತ್ಯಂತ ಬಡ ಮಗುವಿಗೆ ಅತ್ಯಂತ ಕೊನೆಯ ಸ್ಥಾನ ಸಿಕ್ಕಿತ್ತು.

ಇದು ಆ ಒಂದು ಕೇಂದ್ರಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಭಾಷೆಗಳ ಸ್ವಭಾವದಲ್ಲಿಯೇ ಈ ಅಪಾಯ ಅಡಗಿದೆ. ಪರ್ಲ್ ಭಾಷೆಗೆ ಬೇರೆ ಸೂಚನೆ ಕೊಡದಿದ್ದರೆ ಅದು ಎಲ್ಲವನ್ನೂ ಅಕ್ಷರಗಳಂತೆಯೇ ಹೋಲಿಸುತ್ತದೆ. ಸಂಖ್ಯೆಗಳನ್ನು ಸಂಖ್ಯೆಗಳಂತೆ ಹೋಲಿಸಬೇಕಾದರೆ ಅದಕ್ಕೆಂದೇ ಇರುವ ಬೇರೊಂದು ಚಿಹ್ನೆಯನ್ನು ಬರೆಯಬೇಕು. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ. ಕೊಟ್ಟಿರುವುದು ನಿಜವಾದ ಸಂಖ್ಯೆಗಳೇ ಆಗಿದ್ದರೂ ಸೂಚನೆಯಿಲ್ಲದಿದ್ದರೆ ಅವನ್ನು ಅಕ್ಷರಗಳಾಗಿ ಮಾರ್ಪಡಿಸಿಕೊಂಡು ಹೋಲಿಸುತ್ತದೆ. 9, 80, 700 ಎಂದು ಕೊಟ್ಟರೆ 700, 80, 9 ಎಂದು ಹಿಂದಿರುಗಿಸುತ್ತದೆ. ಪೈಥಾನ್ ಸಂಖ್ಯೆಯನ್ನು ಸಂಖ್ಯೆಯೆಂದು ಕೊಟ್ಟರೆ ಸರಿಯಾಗಿ ನಡೆಸಿಕೊಳ್ಳುತ್ತದೆ. ಆದರೆ ಅಕ್ಷರವೆಂದು ಕೊಟ್ಟದ್ದನ್ನು ತಾನಾಗಿ ಸಂಖ್ಯೆಯೆಂದು ಭಾವಿಸುವುದಿಲ್ಲ. ಪರಿವರ್ತಿಸು ಎಂದು ನಾವೇ ಹೇಳಬೇಕು.

ಪರಿವರ್ತಿಸುವಾಗಲೂ ಎಚ್ಚರ ಬೇಕು. ನಾವು ಲಕ್ಷವನ್ನು 1,20,000 ಎಂದು ಅಲ್ಪವಿರಾಮ ಹಾಕಿ ಬರೆಯುವ ರೂಢಿಯುಳ್ಳವರು. ಇಂತಹ ಬರಹವನ್ನು ಪೈಥಾನ್ ಸಂಖ್ಯೆಯೆಂದು ಒಪ್ಪದೆ ತಡೆಯುತ್ತದೆ. ಅಲ್ಪವಿರಾಮಗಳನ್ನು ಮೊದಲು ತೆಗೆಯಬೇಕು. ಪರ್ಲ್ ತಡೆಯುವುದಿಲ್ಲ. ಮೊದಲ ಅಲ್ಪವಿರಾಮದವರೆಗೆ ಓದಿ ಅಲ್ಲಿಗೇ ನಿಂತು, ಆ ಮನೆಯ ಆದಾಯ 1 ರೂಪಾಯಿ ಎಂದು ತಿಳಿಯುತ್ತದೆ. ಹೆಚ್ಚು ಆದಾಯದವನು ಕಡು ಬಡವನಾಗಿ ಪಟ್ಟಿಯ ತುದಿಗೇರುತ್ತಾನೆ. ಇದರ ನಡುವೆ ನನ್ನ ಮನಸ್ಸಿಗೆ ಸಂತೋಷ ಕೊಟ್ಟ ಸಂಗತಿಯೂ ಒಂದಿದೆ. ಹಳ್ಳಿಯ ಹಿರಿಯರು ಕೆಲವರು ಆದಾಯವನ್ನು ಕನ್ನಡ ಅಂಕಿಗಳಲ್ಲಿ ಬರೆದಿದ್ದರು. ೪೫೦೦೦ ಎಂದು ಬರೆದದ್ದನ್ನು ಪೈಥಾನ್ ಯಾವ ತಕರಾರೂ ಇಲ್ಲದೆ 45000 ಎಂದೇ ಓದಿತು.

ಅಂಕಿಗಳು ಸರಿಯಾದ ಮೇಲೆ ಮೊಮ್ಮಗಳು ಇನ್ನೊಂದು ಪ್ರಶ್ನೆ ಎತ್ತಿದಳು. “ಅಜ್ಜಾ, ಆದಾಯವೊಂದನ್ನೇ ನೋಡಿದರೆ ಸಾಕೇ? ಎಂಟು ಜನರ ಮನೆಗೆ 72000, ಮೂರು ಜನರ ಮನೆಗೆ 48000. ಯಾರಿಗೆ ಹೆಚ್ಚು ಅಗತ್ಯ?” ನಾನು ಲೆಕ್ಕ ಹಾಕಿದೆ. ಮೊದಲನೆಯ ಮನೆಯಲ್ಲಿ ತಲೆಗೆ 9000, ಎರಡನೆಯದರಲ್ಲಿ ತಲೆಗೆ 16000. ಬರಿಯ ಆದಾಯ ನೋಡಿದರೆ ಹಿಂದೆ ಬೀಳುವ ಮನೆ ತಲಾ ಆದಾಯ ನೋಡಿದರೆ ಮುಂದೆ ಬರುತ್ತದೆ. ತಲಾ ಆದಾಯ ಎಂಬ ಚೀಟಿ ಯಾವ ಪೆಟ್ಟಿಗೆಯಲ್ಲಿಯೂ ಇಲ್ಲ. ಆದರೂ ಅದನ್ನು ಕೀಲಿಕೈಯಾಗಿ ಬಳಸಬಹುದು. ಕರಡಿಗೆಯೊಳಗಿನ ಆದಾಯವನ್ನು ಅದೇ ಕರಡಿಗೆಯೊಳಗಿನ ಜನಸಂಖ್ಯೆಯಿಂದ ಭಾಗಿಸು, ಬಂದ ಫಲವನ್ನು ಹಿಡಿದು ಸಾಲು ಕಟ್ಟು ಎಂದರೆ ಯಂತ್ರ ಹಾಗೆಯೇ ಮಾಡುತ್ತದೆ. ಒಳಗಿನ ಮೌಲ್ಯವೆಂಬುದು ಯಾವಾಗಲೂ ಬರೆದಿಟ್ಟಿರುವುದಿಲ್ಲ. ಕೆಲವೊಮ್ಮೆ ಇದ್ದುದರಿಂದ ಅದನ್ನು ಕಂಡುಕೊಳ್ಳಬೇಕಾಗುತ್ತದೆ. ಸಮಿತಿ ಇದನ್ನು ಚರ್ಚಿಸಿ ತನ್ನ ಠರಾವನ್ನು ತಲಾ ಆದಾಯಕ್ಕೆ ತಿದ್ದಿತು.

ಹೀಗೆ ಲೆಕ್ಕ ಹಾಕಿ ಕಂಡುಕೊಳ್ಳುವ ಕೀಲಿಕೈ ಇದ್ದಾಗ ಕೆಲಸ ಹಗುರವಾಗಲು ಒಂದು ಉಪಾಯವುಂಟು. ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿ ಸಾವಿರ ಚೀಲಗಳನ್ನು ತೂಕದ ಪ್ರಕಾರ ಸಾಲಾಗಿ ಇಡಬೇಕೆನ್ನಿ. ಎರಡೆರಡು ಚೀಲಗಳನ್ನು ಹೋಲಿಸಬೇಕಾದಾಗಲೆಲ್ಲ ಮತ್ತೆ ಮತ್ತೆ ತಕ್ಕಡಿಗೆ ಏರಿಸಿದರೆ ಹಮಾಲರ ಗತಿಯೇನು? ಉತ್ತಮ ವಿಧಾನದಲ್ಲಿಯೂ ಸಾವಿರ ವಸ್ತುಗಳಿಗೆ ಎಂಟು-ಹತ್ತು ಸಾವಿರ ಹೋಲಿಕೆಗಳು ಬೇಕಾಗುತ್ತವೆ. ಬುದ್ಧಿವಂತನು ಪ್ರತಿ ಚೀಲವನ್ನು ಒಂದೇ ಸಲ ತೂಗಿ, ತೂಕ ಬರೆದ ಚೀಟಿಯನ್ನು ಅದಕ್ಕೆ ಕಟ್ಟಿ, ಆಮೇಲೆ ಚೀಟಿಗಳನ್ನಷ್ಟೇ ನೋಡಿ ಸಾಲುಗೊಳಿಸಿ, ಕಡೆಗೆ ಚೀಟಿ ಬಿಚ್ಚುತ್ತಾನೆ. ಪರ್ಲ್ ಭಾಷೆಯಲ್ಲಿ ಈ ಉಪಾಯವನ್ನು 1994ರಲ್ಲಿ ರ‍್ಯಾಂಡಲ್ ಶ್ವಾರ್ಟ್ಸ್ ಅವರು ಬರೆದು ತೋರಿಸಿದರು. ಇಂದಿಗೂ ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಪೈಥಾನ್ ಭಾಷೆಯಲ್ಲಿ 2004ರ ಆವೃತ್ತಿಯಿಂದ ಆ ‘ಕೀ’ ಎಂಬ ಸೂಚನೆ ಬಂದ ಮೇಲೆ ಚೀಟಿ ಕಟ್ಟುವ, ಬಿಚ್ಚುವ ಕೆಲಸವನ್ನು ಭಾಷೆಯೇ ಒಳಗಿಂದೊಳಗೆ ಮಾಡಿಕೊಳ್ಳುತ್ತದೆ. ಬರೆಯುವವನು ಚೀಟಿಯಲ್ಲಿ ಏನಿರಬೇಕು ಎಂದಷ್ಟು ಹೇಳಿದರೆ ಸಾಕು.

ಇನ್ನು ಚೀಟಿಯೇ ಇಲ್ಲದವರ ಮಾತು. ನಮ್ಮ 64 ಅರ್ಜಿಗಳಲ್ಲಿ ಐದಕ್ಕೆ ಆದಾಯ ಪ್ರಮಾಣಪತ್ರವೇ ಇರಲಿಲ್ಲ. ಕರಡಿಗೆ ತೆರೆದರೆ ಬರಿದು. ಪರ್ಲ್ ಇಂತಹ ಬರಿದನ್ನು ಸೊನ್ನೆಯೆಂದು ಎಣಿಸಿ ಅವರನ್ನೆಲ್ಲ ಪಟ್ಟಿಯ ಮೇಲ್ತುದಿಗೆ ಒಯ್ಯುತ್ತದೆ. ಇಂದಿನ ಪೈಥಾನ್ ಬರಿದನ್ನೂ ಸಂಖ್ಯೆಯನ್ನೂ ಹೋಲಿಸಲಾಗದೆಂದು ನಿಂತುಬಿಡುತ್ತದೆ. ನಿಲ್ಲುವುದು ತೊಡಕೆಂದು ತೋರಿದರೂ ಅದೇ ಲೇಸು, ಏಕೆಂದರೆ ಅಲ್ಲಿ ಮನುಷ್ಯನು ಯೋಚಿಸಲೇಬೇಕಾಗುತ್ತದೆ. ಇಲ್ಲದವರನ್ನು ಸೊನ್ನೆಯೆಂದು ಎಣಿಸಬಹುದು. ಆಗ ಪ್ರಮಾಣಪತ್ರ ತಂದ ಬಡವನಿಗೆ ಅನ್ಯಾಯವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಸಂಖ್ಯೆಯೆಂದು ಎಣಿಸಬಹುದು. ಆಗ ಕಚೇರಿಗೆ ಹೋಗಿ ಬರಲು ಬಸ್ಸಿನ ಹಣವೂ ಇಲ್ಲದವನು ಕೊನೆಗೆ ಬೀಳುತ್ತಾನೆ. ಯಂತ್ರಕ್ಕೆ ಎರಡೂ ಸಮಾನ. ಮೊಮ್ಮಗಳು ಆ ಐವರನ್ನು ಬೇರೆಯೇ ಪಟ್ಟಿಯಲ್ಲಿಟ್ಟು, “ಇವರ ಮನೆಗೆ ನೀವೇ ಹೋಗಿ ಬರಬೇಕು, ಅಜ್ಜಾ. ಇದಕ್ಕೆ ನನ್ನಲ್ಲಿ ಸೂತ್ರವಿಲ್ಲ” ಎಂದಳು. ಮೂವರು ಸದಸ್ಯರು ಒಂದೇ ದಿನದಲ್ಲಿ ಐದು ಮನೆಗಳಿಗೂ ಹೋಗಿ ಬಂದರು. ಅವುಗಳಲ್ಲಿ ಎರಡು ಮನೆಗಳ ಸ್ಥಿತಿ ಕಣ್ಣಾರೆ ಕಂಡವರು ಪ್ರಮಾಣಪತ್ರ ಕೇಳುವ ಧೈರ್ಯ ಮಾಡಲಿಲ್ಲ.

ಸಮಾನರಾದವರ ಪ್ರಶ್ನೆಯೂ ಸೂಕ್ಷ್ಮವಾದದ್ದು. ಇಬ್ಬರ ತಲಾ ಆದಾಯ ಒಂದೇ ಆಗಿದ್ದರೆ ಯಾರು ಮೊದಲು? 2002ರಲ್ಲಿ ಟಿಮ್ ಪೀಟರ್ಸ್ ಅವರು ಪೈಥಾನ್‌ಗಾಗಿ ರೂಪಿಸಿದ ಅನುಕ್ರಮದ ವಿಧಾನಕ್ಕೆ ಒಂದು ಒಳ್ಳೆಯ ಗುಣವಿದೆ. ಸಮಾನರಾದವರು ಮೊದಲು ಯಾವ ಕ್ರಮದಲ್ಲಿದ್ದರೋ ಅದನ್ನು ಅದು ಕದಲಿಸುವುದಿಲ್ಲ. ಯಂತ್ರ ತನ್ನಷ್ಟಕ್ಕೆ ಪಕ್ಷಪಾತ ಮಾಡುವುದಿಲ್ಲ ಎಂದು ಇದರಿಂದ ತಿಳಿಯಬಹುದು. ಆದರೆ ಮೊದಲಿನ ಕ್ರಮ ಯಾವುದಾಗಿತ್ತು? ಅರ್ಜಿ ಬಂದ ಕ್ರಮ. ಪೇಟೆಯಲ್ಲಿರುವವನ ಅರ್ಜಿ ಮೊದಲ ದಿನವೇ ಬರುತ್ತದೆ. ಬಸ್ಸಿಲ್ಲದ ಹಳ್ಳಿಯವನದು ಕೊನೆಯ ದಿನ ಬರುತ್ತದೆ. ಸುಮ್ಮನಿದ್ದರೆ ಸಮಾನರಲ್ಲಿ ಪೇಟೆಯವನೇ ಮುಂದಾಗುತ್ತಾನೆ. ಆದ್ದರಿಂದ ಸಮಿತಿ ಎರಡನೆಯ ಕೀಲಿಕೈಯೊಂದನ್ನು ಸೇರಿಸಿತು: ತಲಾ ಆದಾಯ ಸಮವಾದಲ್ಲಿ ಶಾಲೆಯಿಂದ ಹೆಚ್ಚು ದೂರವಿರುವವನು ಮೊದಲು. ಎರಡು ಮೌಲ್ಯಗಳನ್ನು ಜೋಡಿಯಾಗಿ ಕೊಟ್ಟರೆ ಯಂತ್ರ ಮೊದಲನೆಯದನ್ನು ಹೋಲಿಸಿ, ಅದು ಸಮವಾದಾಗ ಮಾತ್ರ ಎರಡನೆಯದನ್ನು ನೋಡುತ್ತದೆ. ಆದಾಯ ಕಡಿಮೆಯಿದ್ದವರು ಮೇಲೆ, ದೂರ ಹೆಚ್ಚಿದ್ದವರು ಮೇಲೆ ಎಂಬ ಈ ವಿರುದ್ಧ ದಿಕ್ಕುಗಳನ್ನು ಹೊಂದಿಸಲು ದೂರವನ್ನು ಋಣಸಂಖ್ಯೆಯಾಗಿ ಬರೆದರೆ ಸಾಕು. 32 ಕಿಲೋಮೀಟರು 6 ಕಿಲೋಮೀಟರಿಗಿಂತ ದೊಡ್ಡದು. ಎರಡಕ್ಕೂ ಋಣಚಿಹ್ನೆ ಹಾಕಿದರೆ ಅದೇ ಚಿಕ್ಕದಾಗಿ ಮೊದಲು ಬರುತ್ತದೆ. ಶಾಲೆಯಲ್ಲಿ ಕಲಿತ ಋಣಸಂಖ್ಯೆಯ ಪಾಠ ಇಳಿವಯಸ್ಸಿನಲ್ಲಿ ಹೀಗೆ ಪ್ರಯೋಜನಕ್ಕೆ ಬಂದಿತು.

ಆಯ್ಕೆಯಾದವರ ಹೆಸರುಗಳನ್ನು ಸೂಚನಾ ಫಲಕಕ್ಕೆ ಅಕಾರಾದಿಯಾಗಿ ಬರೆಯುವಾಗ ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕು ಎದುರಾಯಿತು. ನಮ್ಮ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಆದ ಮೇಲೆ ಕೊನೆಗೆ ಳಕಾರ. ಆದರೆ ಯಂತ್ರಗಳು ಬಳಸುವ ಯೂನಿಕೋಡ್ ಸಂಕೇತಮಾಲೆಯಲ್ಲಿ ಭಾರತೀಯ ಲಿಪಿಗಳಿಗೆಲ್ಲ ಹೊಂದುವ ಒಂದೇ ವಿನ್ಯಾಸವನ್ನು ಅನುಸರಿಸಿದ್ದರಿಂದ ಳಕಾರ ಲಕಾರದ ಪಕ್ಕದಲ್ಲಿಯೇ ಕುಳಿತಿದೆ. ಹೀಗಾಗಿ ಕಲಿ, ಕವಿ, ಕಳೆ ಎಂದು ಬರಬೇಕಾದ ಪದಗಳು ಪೈಥಾನ್ ಭಾಷೆಯ ಸಹಜ ಅನುಕ್ರಮದಲ್ಲಿ ಕಲಿ, ಕಳೆ, ಕವಿ ಎಂದು ಬರುತ್ತವೆ. ಕವಿಗಿಂತ ಕಳೆ ಮುಂದಾಗುತ್ತದೆ! ಇದಕ್ಕೂ ಪರಿಹಾರ ಕೀಲಿಕೈಯೇ. ಪ್ರತಿ ಅಕ್ಷರಕ್ಕೆ ನಮ್ಮ ವರ್ಣಮಾಲೆಯಲ್ಲಿರುವ ಸ್ಥಾನವನ್ನು ಕೊಟ್ಟು, ಆ ಸ್ಥಾನಗಳನ್ನು ಹಿಡಿದು ಹೋಲಿಸು ಎಂದರೆ ಯಂತ್ರ ಕನ್ನಡದ ಕ್ರಮವನ್ನೇ ಪಾಲಿಸುತ್ತದೆ.

ಎಲ್ಲ ಮುಗಿದ ಮೇಲೆ ನನ್ನ ಹಳೆಯ ಕಾಯಕದ ಅಭ್ಯಾಸದಂತೆ ತಾಳೆ ನೋಡಿದೆ. ಸಾಲುಗೊಳಿಸುವುದರಿಂದ ಏನೂ ಹೆಚ್ಚಾಗಬಾರದು, ಏನೂ ಕಡಿಮೆಯಾಗಬಾರದು. ಪ್ರಮಾಣಪತ್ರವುಳ್ಳ 59, ಬೇರೆಯಿಟ್ಟ 5, ಒಟ್ಟು 64 ಸರಿ. ಹಳೆಯ ಪಟ್ಟಿಯ ಆದಾಯಗಳ ಮೊತ್ತಕ್ಕೂ ಹೊಸ ಪಟ್ಟಿಯ ಮೊತ್ತಕ್ಕೂ ಒಂದು ರೂಪಾಯಿಯ ವ್ಯತ್ಯಾಸವಿಲ್ಲ. ಮೇಲಿನ ಐದು, ನಡುವಿನ ಐದು, ಕೊನೆಯ ಐದು ಅರ್ಜಿಗಳನ್ನು ಕಾಗದದೊಂದಿಗೆ ಹೋಲಿಸಿ ನೋಡಿದೆ. ತಾಳೆ ಬಿದ್ದಿತು. ಅರವತ್ತನಾಲ್ಕನೆಯವನಾಗಿದ್ದ ಆ ಹುಡುಗ ಹೊಸ ಪಟ್ಟಿಯಲ್ಲಿ ಮೂರನೆಯವನು. ಅವನಿಗಿಂತ ಮೇಲಿದ್ದ ಎರಡು ಮನೆಗಳ ಸ್ಥಿತಿ ಅವನ ಮನೆಗಿಂತ ಕೆಳಗಿತ್ತು ಎಂಬುದು ಕಾಗದ ನೋಡಿದಾಗ ತಿಳಿಯಿತು. ಮೊದಲ ಪಟ್ಟಿಯಲ್ಲಿ ಆ ಎರಡು ಹೆಸರುಗಳೂ ಗೆರೆಯ ಕೆಳಗೇ ಇದ್ದವು. ಅವರನ್ನು ಗುರುತಿಸಿ ಕೇಳುವವರು ಸಭೆಯಲ್ಲಿ ಯಾರೂ ಇರಲಿಲ್ಲ.

ಓದುಗ ಬಂಧುಗಳು ಗಮನಿಸಬೇಕಾದುದು ಈ ಕೊನೆಯ ಮಾತನ್ನು. ಮನೆಗೆ ಹೋಗಿ ಬಂದವರೊಬ್ಬರಿದ್ದುದರಿಂದ ಒಂದು ಮಗುವಿನ ವಿಷಯ ಬೆಳಕಿಗೆ ಬಂದಿತು. ಇಂದು ವಿದ್ಯಾರ್ಥಿ ವೇತನ, ವಸತಿ ನಿಲಯದ ಪ್ರವೇಶ, ಉದ್ಯೋಗದ ಅರ್ಜಿ, ಸಾಲ, ಪಿಂಚಣಿ ಮುಂತಾದ ಎಷ್ಟೋ ವಿಷಯಗಳಲ್ಲಿ ನಮ್ಮ ಮನೆಯವರ ಹೆಸರು ಯಾವುದೋ ಪಟ್ಟಿಯ ಯಾವುದೋ ಸಾಲಿನಲ್ಲಿ ನಿಲ್ಲುತ್ತದೆ. ಅಲ್ಲೆಲ್ಲ ನಮ್ಮನ್ನು ಬಲ್ಲವರೊಬ್ಬರು ಕುಳಿತಿರುವುದಿಲ್ಲ. ಆದ್ದರಿಂದ ಪಟ್ಟಿ ಮಾಡುವವರೂ ಪಟ್ಟಿಯಲ್ಲಿರುವವರೂ ಕೆಲವು ಪ್ರಶ್ನೆಗಳನ್ನು ಕೇಳುವ ರೂಢಿಯನ್ನು ಬೆಳೆಸಿಕೊಳ್ಳಬೇಕು. ಈ ಸಾಲನ್ನು ಯಾವ ಮೌಲ್ಯವನ್ನು ಹಿಡಿದು ಕಟ್ಟಲಾಗಿದೆ? ಆ ಮೌಲ್ಯ ಸಂಖ್ಯೆಯಾಗಿದ್ದರೆ ಸಂಖ್ಯೆಯಂತೆಯೇ ಹೋಲಿಸಲಾಗಿದೆಯೇ? ವಿವರವಿಲ್ಲದವರನ್ನು ಎಲ್ಲಿಡಲಾಗಿದೆ? ಸಮಾನರಾದವರಲ್ಲಿ ಯಾರನ್ನು ಏಕೆ ಮುಂದೆ ಮಾಡಲಾಗಿದೆ? ಹೆಸರಿನ ಎದುರಿಗೆ ಆ ಮೌಲ್ಯವನ್ನು ನೋಡುವ ಅಧಿಕಾರವುಳ್ಳವರು ರುಜು ಹಾಕುವ ಮೊದಲು ಅದನ್ನು ನೋಡಿದ್ದಾರೆಯೇ?

ನಮ್ಮ ಮನೆಗಳಲ್ಲಿ ಗಣಕಯಂತ್ರ ಕಲಿಯುತ್ತಿರುವ ಮಕ್ಕಳಿದ್ದಾರೆ. ಊರಿನ ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಮಹಿಳಾ ಸಂಘದ ಉಳಿತಾಯದ ಲೆಕ್ಕ, ಮದುವೆಯ ಮುಯ್ಯಿ ಪುಸ್ತಕ, ಇಂತಹ ಯಾವುದಾದರೊಂದನ್ನು ಅವರ ಕೈಗೆ ಕೊಟ್ಟು ಒಳಗಿನ ಮೌಲ್ಯವನ್ನು ಹಿಡಿದು ಸಾಲುಗೊಳಿಸಲು ಹೇಳಿರಿ. ನಾಲ್ಕು ಸಾಲಿನ ಕೆಲಸ. ಹಿರಿಯರು ಪಕ್ಕದಲ್ಲಿ ಕುಳಿತು ಕಾಗದದೊಂದಿಗೆ ತಾಳೆ ನೋಡಿರಿ. ಸೂತ್ರ ಬರೆಯುವುದನ್ನು ಮಕ್ಕಳು ಬಲ್ಲರು. ಯಾವ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ, ಯಾವ ಹಳ್ಳಿಗೆ ಬಸ್ಸು ಹೋಗುವುದಿಲ್ಲ, ಯಾರು ಪ್ರಮಾಣಪತ್ರಕ್ಕಾಗಿ ಅಲೆಯಲಾರರು ಎಂಬುದನ್ನು ಹಿರಿಯರು ಬಲ್ಲರು. ಈ ಎರಡು ತಿಳಿವಳಿಕೆಗಳೂ ಒಂದೇ ಮೇಜಿನ ಮುಂದೆ ಕೂಡಿ ಕುಳಿತು ಪಟ್ಟಿಗಳು ಸಿದ್ಧವಾಗಲಿ ಎಂಬುದು ನನ್ನ ವಿನಂತಿ.